ಕೋಟೆಯ ಕಲ್ಲು ಯಾರದು?

ಮಾನವನು ಕಟ್ಟಿದುದೆಲ್ಲವೂ ಒಂದಲ್ಲ ಒಂದು ದಿನ ನೆಲವನ್ನು ಸೇರತಕ್ಕುದೇ ಎಂಬುದು ಎಲ್ಲರೂ ಬಲ್ಲ ಸಂಗತಿ. ಹನ್ನೆರಡನೆಯ ಶತಮಾನದ ನಮ್ಮ ಶಿವಶರಣರು ಈ ಸಂಗತಿಯನ್ನು ಸ್ಥಾವರ, ಜಂಗಮ ಎಂಬ ಎರಡು ಪದಗಳಲ್ಲಿ ಅಡಕಮಾಡಿ ಲೋಕಕ್ಕೆ ತಿಳಿಸಿಕೊಟ್ಟರು. ಕಲ್ಲುಮಣ್ಣುಗಳಲ್ಲಿ ನೆಟ್ಟು ನಿಲ್ಲಿಸಿದುದು ಕಾಲಕ್ಕೆ ತುತ್ತಾಗುವುದು; ಅರಿವಾಗಿ, ಆಚಾರವಾಗಿ ಮನುಷ್ಯನಿಂದ ಮನುಷ್ಯನಿಗೆ ಹರಿದುಹೋಗುವುದು ಕಾಲವನ್ನು ಮೀರುವುದು. ಇದು ಆ ತತ್ತ್ವದ ಸಾರ. ಆದರೆ ಎಷ್ಟೇ ಸತ್ಯವಾದ ಮಾತಾದರೂ ಆಡುವವನ ನಾಲಗೆಯಿಂದ ಕೇಳುವವನ ಕಿವಿಗೆ ತಲಪುವಷ್ಟರಲ್ಲಿ ಬೇರೊಂದು ಅರ್ಥವನ್ನು ತಾಳುವುದುಂಟು. ಅಂತಹದೊಂದು ಪ್ರಸಂಗ ನನ್ನ ಬಾಳಿನಲ್ಲಿಯೇ ಒದಗಿತು. ಅದರಲ್ಲಿ ತಪ್ಪಿದವನು ನಾನೇ ಆದುದರಿಂದ ಸಂಕೋಚವಿಲ್ಲದೆ ಓದುಗರ ಮುಂದಿಡುತ್ತಿರುವೆನು.

ಕೆಲವು ವರ್ಷಗಳ ಹಿಂದೆ ಶ್ರಾವಣಮಾಸದಲ್ಲಿ ಕಾಗಿಣಾ ನದಿಯ ಸೀಮೆಯ ಒಂದು ಹಳ್ಳಿಯಲ್ಲಿ ಪುರಾಣ ಹೇಳುವ ಭಾಗ್ಯ ನನಗೆ ಲಭಿಸಿತ್ತು. ಆ ಊರ ನಡುವೆ ಹಳೆಯ ಹುಡೇವು ಒಂದಿದೆ. ದಂಡು ದಾಳಿಗಳ ಕಾಲದಲ್ಲಿ ಊರ ಜನರು ಕಾಳುಕಡಿ, ಮಕ್ಕಳುಮರಿಗಳೊಡನೆ ಏರಿ ಪ್ರಾಣ ಉಳಿಸಿಕೊಳ್ಳುತ್ತಿದ್ದ ದುಂಡುಗೋಪುರವದು. ಮಂಗಲದ ಹಿಂದಿನ ರಾತ್ರಿ ಸ್ಥಾವರ ಜಂಗಮಗಳ ವಿಚಾರವನ್ನು ವಿವರಿಸಿ ಕೆಳಗಿಳಿಯುತ್ತಿದ್ದೆ. ಹಿರಿಯ ಒಕ್ಕಲಿಗರೊಬ್ಬರು ಬಳಿಗೆ ಬಂದು ಕೈಮುಗಿದು, 'ಶಾಸ್ತ್ರಿಗಳೇ, ನಮ್ಮ ಮನೀ ಮುಂದಿನ ಕಟ್ಟೀಗೆ ಹುಡೇವಿನ ಕಲ್ಲು ಹಚ್ಚೀವ್ರಿ. ನಮ್ಮ ಮುತ್ಯಾನ ಕಾಲದಾಗ ತಂದದ್ದು. ಇದು ಪಾಪ ಆಗ್ತದೇನ್ರಿ?' ಎಂದು ಕೇಳಿದರು. ಹೊತ್ತು ಮೀರಿತ್ತು, ನನಗೂ ದಣಿವಾಗಿತ್ತು. 'ಬೀಳುವ ಸ್ಥಾವರಕ್ಕೆ ಏತರ ಪಾಪ? ಬೀಳುವುದಕ್ಕಾಗಿ ಅಳಬೇಡಿರಿ, ಯಜಮಾನರೇ' ಎಂದು ನಗುತ್ತ ಹೇಳಿ ಹೊರಟುಬಿಟ್ಟೆನು. ಸುತ್ತ ನಿಂತವರೆಲ್ಲ ತಲೆದೂಗಿದರು.

ಮರುವರ್ಷದ ಬೇಸಗೆಯಲ್ಲಿ ಅದೇ ದಾರಿಯಿಂದ ಹೋಗುವಾಗ ಹುಡೇವಿನ ಒಂದು ಪಾರ್ಶ್ವವೇ ಇಲ್ಲದಂತಾಗಿತ್ತು. ಒಳಗಿನ ಕೆಂಪು ಮಣ್ಣು ಹೊಟ್ಟೆ ಬಗೆದಂತೆ ಕಾಣುತ್ತಿತ್ತು. ಟ್ರ್ಯಾಕ್ಟರಿನಲ್ಲಿ ಕಲ್ಲು ತುಂಬುತ್ತಿದ್ದ ತರುಣರನ್ನು ವಿಚಾರಿಸಿದೆ. ಅವರು ಯಾವ ಅಳುಕೂ ಇಲ್ಲದೆ, 'ಬೀಳೋದಕ್ಕ ಪಾಪಿಲ್ಲಂತ ನೀವೇ ಪುರಾಣದಾಗ ಹೇಳೀರಲ್ರಿ' ಎಂದರು. ಆ ಕಲ್ಲು ಅವರ ಮನೆಗಲ್ಲ, ಮಾರಾಟಕ್ಕೆ ಹೋಗುತ್ತಿತ್ತು. ನಾನು ಉತ್ತರವಿಲ್ಲದೆ ನಿಂತೆನು. ಅವರು ನನ್ನ ಮಾತನ್ನು ತಿರುಚಿರಲಿಲ್ಲ. ನಾನೇ ಶರಣರ ಮಾತನ್ನು ಅರ್ಧಕ್ಕೆ ಕತ್ತರಿಸಿ ಕೊಟ್ಟಿದ್ದೆನು. ಅಳಿಯತಕ್ಕುದನ್ನು ಕಾಯುವುದು ಧರ್ಮವೇ, ಅಥವಾ ಮೋಹವೇ? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದನ್ನು ಹೊತ್ತುಕೊಂಡೇ ಮಳಖೇಡದ ಕೋಟೆಯನ್ನು ನೋಡಲು ಹೋದೆನು.

ಸೇಡಂ ತಾಲ್ಲೂಕಿನ ಮಳಖೇಡವು ಕಲಬುರಗಿಯಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರು ದೂರದಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿದೆ. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲುದಾರಿಯಲ್ಲಿ ಆ ಹೆಸರಿನ ನಿಲ್ದಾಣವೂ ಉಂಟು. ಇಂದು ಸಾಧಾರಣ ಗ್ರಾಮವಾಗಿ ಕಾಣುವ ಈ ಊರೇ ಒಂದು ಕಾಲದ ಮಾನ್ಯಖೇಟ, ರಾಷ್ಟ್ರಕೂಟ ಚಕ್ರವರ್ತಿಗಳ ರಾಜಧಾನಿ. ಕ್ರಿ.ಶ. 814ರಲ್ಲಿ ಬಾಲಕನಾಗಿಯೇ ಪಟ್ಟವೇರಿ 878ರವರೆಗೆ, ಅರವತ್ತು ವರ್ಷಗಳಿಗೂ ಮೀರಿ ರಾಜ್ಯವಾಳಿದ ಅಮೋಘವರ್ಷ ನೃಪತುಂಗನು ಈ ನಗರವನ್ನು ಬೆಳೆಯಿಸಿದನು. ಅದು ಇಂದ್ರನ ಪಟ್ಟಣವನ್ನೇ ನಾಚಿಸುವಂತಿತ್ತೆಂದು ಆ ವಂಶದ ತಾಮ್ರಶಾಸನಗಳು ಹೊಗಳಿವೆ. 851ರ ಸುಮಾರಿನ ಅರಬ್ ವರ್ತಕ ಸುಲೇಮಾನನ ವೃತ್ತಾಂತದಲ್ಲಿ ಬಗದಾದಿನ ಖಲೀಫ, ಚೀನದ ಚಕ್ರವರ್ತಿ, ರೋಮಿನ ಚಕ್ರವರ್ತಿ ಇವರ ಸಾಲಿನಲ್ಲಿ ನಾಲ್ಕನೆಯವನಾಗಿ ಎಣಿಸಲ್ಪಟ್ಟವನು 'ಬಲ್ಹರಾ', ಎಂದರೆ ನಮ್ಮ ವಲ್ಲಭರಾಜನು. ಕಾಗಿಣೆಯ ದಂಡೆಯ ಈ ಊರಿನ ಹೆಸರು ಆ ಕಾಲದಲ್ಲಿ ಸಮುದ್ರದಾಚೆಗೂ ಕೇಳಿಬರುತ್ತಿತ್ತು.

ಈಗ ಕಾಣುವ ಕೋಟೆಯಲ್ಲಿ ಹಲವು ಕಾಲಗಳ ಕೈಗೆಲಸ ಬೆರೆತಿದೆ. ಒಂದು ವಂಶ ಕಟ್ಟಿದುದನ್ನು ಇನ್ನೊಂದು ವಂಶ ಕೆಡವಿ, ತಿದ್ದಿ, ಎತ್ತರಿಸಿ ಬಳಸಿಕೊಂಡಿದೆ. ಆದರೆ ಎಲ್ಲ ಕಾಲಗಳಿಗೂ ಕಲ್ಲನ್ನು ಒದಗಿಸಿದ ನೆಲ ಒಂದೇ. ಶಹಾಬಾದ್ ಕಲ್ಲೆಂದು ನಾಡೆಲ್ಲ ಕರೆಯುವ, ನಮ್ಮ ಜನ ಫರಸಿ ಎನ್ನುವ ಸುಣ್ಣದ ಕಲ್ಲಿದು. ಕೋಟ್ಯಂತರ ವರ್ಷಗಳ ಹಿಂದೆ ಕಡಲಿನ ತಳದಲ್ಲಿ ಪದರಪದರವಾಗಿ ಕೂತು ಗಟ್ಟಿಯಾದುದರಿಂದ ಹಾರೆ ಹಾಕಿದರೆ ಹಲಗೆಯಂತೆ ಏಳುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳಲ್ಲಿ ಮನೆಯ ನೆಲಕ್ಕೆ ಹಾಸುವುದೂ ಇದನ್ನೇ, ಹಿತ್ತಿಲ ಗೋಡೆಗೆ ಪೇರಿಸುವುದೂ ಇದನ್ನೇ. ಸುಟ್ಟರೆ ಸುಣ್ಣವಾಗುವುದೂ, ಈಗಿನ ಕಾರ್ಖಾನೆಗಳಲ್ಲಿ ಅರೆದು ಬೇಯಿಸಿದರೆ ಸಿಮೆಂಟಾಗುವುದೂ ಇಂತಹ ಕಲ್ಲೇ. ಚಕ್ರವರ್ತಿಯ ಕೋಟೆಗೂ ಬಡವನ ಪಡಸಾಲೆಗೂ ಕಲ್ಲಿನಲ್ಲಿ ಕುಲಭೇದವಿಲ್ಲ.

ನಮ್ಮ ಸೀಮೆಯ ಕೋಟೆಗಳ ವಿನ್ಯಾಸವನ್ನು ಬಲ್ಲವರಿಗೆ ಅವು ಏನನ್ನು ಹೇಳುತ್ತವೆಂಬುದು ತಾನೇ ತಿಳಿಯುತ್ತದೆ. ಹೊಳೆ ಒಂದು ಕಡೆಯಿಂದ ಕಾಯುವಂತೆ ದಂಡೆಯ ಮೇಲೆ ನೆಲೆ. ಹೊಳೆಯಿಲ್ಲದ ಕಡೆ ಕಂದಕ. ಹೊರಗಿನಿಂದ ಬರುವವನು ನೆಟ್ಟಗೆ ಒಳನುಗ್ಗಲಾಗದಂತೆ ಅಗಸೆಬಾಗಿಲಿನ ಹಾದಿಯನ್ನು ತಿರುವಿ ಕಟ್ಟುವರು. ಆನೆಗೆ ಓಡಿಬಂದು ಬಾಗಿಲನ್ನು ಗುದ್ದಲು ಅವಕಾಶವಿರಬಾರದು. ಬಾಗಿಲಿನ ಎರಡೂ ಬದಿಗೆ ಕಾವಲಿನವರು ಕೂಡುವ ಕಟ್ಟೆಗಳು. ಗೋಡೆಯ ನಡುನಡುವೆ ಹೊರಚಾಚಿದ ಕೊತ್ತಲಗಳು. ಅವುಗಳಿಂದ ಗೋಡೆಯ ಬುಡಕ್ಕೆ ಬಂದವನನ್ನೂ ಪಕ್ಕದಿಂದ ನೋಡಬಹುದು. ಮೇಲೆ ತೆನೆಗಳು, ಅವುಗಳ ಸಂದಿನಲ್ಲಿ ಕಿಂಡಿಗಳು. ಒಳಗೆ ಬಾವಿ, ಕಣಜ, ಎತ್ತರದ ನೋಟದ ಗೋಪುರ. ಒಂದೊಂದು ಅಂಗವೂ ಒಂದೊಂದು ಭಯಕ್ಕೆ ಕೊಟ್ಟ ಉತ್ತರ. ಕೋಟೆಯೆಂದರೆ ಕಲ್ಲಿನಲ್ಲಿ ಬರೆದಿಟ್ಟ ಭಯದ ಪಟ್ಟಿಯೆಂದರೆ ತಪ್ಪಾಗಲಾರದು.

ಗೋಡೆಯ ಒಳರಚನೆಯನ್ನು ಸಹ ಇಲ್ಲಿ ಹೇಳಬೇಕು. ನನ್ನ ಪ್ರಶ್ನೆಗೆ ಅದರಿಂದಲೇ ಬೆಳಕು ದೊರೆಯಿತು. ದಪ್ಪ ಗೋಡೆಯು ಪೂರಾ ಕಲ್ಲಿನದಲ್ಲ. ಹೊರಗೊಂದು, ಒಳಗೊಂದು ಒಪ್ಪವಾದ ಕಲ್ಲಿನ ಮುಖ. ನಡುವೆ ಮಣ್ಣು ಮತ್ತು ಚೂರುಗಲ್ಲಿನ ತುಂಬು. ಮೇಲ್ಗಡೆಯ ಕಲ್ಲುಗಳು ಮಳೆ ಒಳಗಿಳಿಯದಂತೆ ಮುಚ್ಚಳದ ಹಾಗೆ ಕಾಯುತ್ತವೆ. ಯಾವನೋ ಒಬ್ಬನು ಮೇಲಿನ ನಾಲ್ಕು ಕಲ್ಲು ಕೀಳುವನು. ಕಂಡವರಿಗೆ ಅದೇನೂ ದೊಡ್ಡ ನಷ್ಟವಲ್ಲ. ಆದರೆ ಮುಂದಿನ ಮುಂಗಾರಿನಲ್ಲಿ ನೀರು ಆ ಕಿಂಡಿಯಿಂದ ಇಳಿದು ನಡುವಿನ ಮಣ್ಣನ್ನು ನೆನೆಯಿಸುವುದು. ನೆನೆದ ಮಣ್ಣು ಉಬ್ಬಿ ಮುಖದ ಕಲ್ಲನ್ನು ಹೊರಗೆ ತಳ್ಳುವುದು. ಮೂರು ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಆಳುದ್ದದ ಗೋಡೆ ಜರಿದು ಬೀಳುವುದು. ಆಗ ಜನರು, 'ಹಳೇ ಗೋಡಿ, ತಾನೇ ಬಿತ್ತು' ಎನ್ನುವರು. ತಾನೇ ಬಿದ್ದುದಕ್ಕೂ ಬೀಳಿಸಿದುದಕ್ಕೂ ನಡುವಣ ಅಂತರ ಆ ನಾಲ್ಕು ಕಲ್ಲು.

ಇನ್ನು ಈ ಕೋಟೆ ಕಾಯಬೇಕಾದುದನ್ನು ಕಾಯಿತೇ? ಇಲ್ಲ. 972ರಲ್ಲಿ, ಖೊಟ್ಟಿಗನು ಆಳುತ್ತಿದ್ದಾಗ, ಮಾಳವದ ಪರಮಾರ ದೊರೆ ಸೀಯಕನು ದಂಡೆತ್ತಿ ಬಂದು ಮಾನ್ಯಖೇಟವನ್ನು ಕೊಳ್ಳೆಹೊಡೆದನು. ಮೂರನೆಯ ಕೃಷ್ಣನ ಕಾಲದಲ್ಲಿ ಮಂತ್ರಿ ಭರತನ ಆಶ್ರಯ ಪಡೆದು 965ರಲ್ಲಿ ಅಪಭ್ರಂಶ ಭಾಷೆಯ ಮಹಾಪುರಾಣವನ್ನು ಮುಗಿಸಿದ್ದ ಕವಿ ಪುಷ್ಪದಂತನು ಊರು ಬೆಂದುದನ್ನು ಕಂಡು, ಇನ್ನು ತನಗೆ ನೆಲೆಯೆಲ್ಲಿ ಎಂದು ಮರುಗಿದನು. ಮರುವರ್ಷವೇ, 973ರಲ್ಲಿ, ಚಾಲುಕ್ಯ ತೈಲಪನು ರಾಷ್ಟ್ರಕೂಟರ ಸಾಮ್ರಾಜ್ಯವನ್ನು ಕೊನೆಗಾಣಿಸಿದನು. ಅನಂತರ ಚೋಳರೂ ಈ ಊರಿನ ಮೇಲೆ ಎರಗಿದರು. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಕಲ್ಯಾಣಕ್ಕೆ ಸಾಗಿಸಿದನು. ಮಾನ್ಯಖೇಟದಿಂದ ಹೊರಟ ಆ ರಾಜಲಕ್ಷ್ಮಿಯು ತಂಗಿದ ಕಲ್ಯಾಣದಲ್ಲಿಯೇ, ಮುಂದೆ ಬಿಜ್ಜಳನ ಕಾಲದಲ್ಲಿ, ಬಸವಣ್ಣನವರೂ ಅಸಂಖ್ಯಾತ ಶರಣರೂ ನೆರೆದರು. ಅದೂ 1167-68ರ ಸುಮಾರಿನ ಕ್ಷೋಭೆಯಲ್ಲಿ ಚೆದರಿತು. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಗಿ ಕಲಬುರಗಿಯ ಕೋಟೆ ಮೆರೆಯಿತು. ಅದರೊಳಗೆ 216 ಅಡಿ ಉದ್ದ, 176 ಅಡಿ ಅಗಲದ, ತೆರೆದ ಅಂಗಳವಿಲ್ಲದೆ ಪೂರ್ಣ ಛಾವಣಿಯುಳ್ಳ ಜಾಮಿ ಮಸೀದಿ 1367ರಲ್ಲಿ ಎದ್ದಿತು. 1420ರ ದಶಕದಲ್ಲಿ ಆ ರಾಜಧಾನಿಯೂ ಬೀದರಕ್ಕೆ ನಡೆಯಿತು. ಒಂದು ಕೋಟೆಯಿಂದ ಮತ್ತೊಂದಕ್ಕೆ ಅಧಿಕಾರವು ಹೀಗೆ ವಲಸೆ ಹೋಗುತ್ತಲೇ ಇತ್ತು. ಯಾವ ಗೋಡೆಯೂ ಅದನ್ನು ಕಟ್ಟಿಹಾಕಲಾರದಾಯಿತು.

ಮಾನ್ಯಖೇಟದ ಕೊಳ್ಳೆಯ ವರ್ಷವನ್ನು ನಾವು ತಿಳಿದುದು ಹೇಗೆಂಬುದು ಸ್ವಾರಸ್ಯವಾದ ಸಂಗತಿ. ಧಾರಾನಗರದಲ್ಲಿ ಧನಪಾಲನೆಂಬ ಪಂಡಿತನು ತನ್ನ ತಂಗಿ ಸುಂದರಿಗಾಗಿ ಪ್ರಾಕೃತ ಭಾಷೆಯ ಒಂದು ನಿಘಂಟನ್ನು ರಚಿಸಿದನು. ಮಾಳವದವರು ಮಾನ್ಯಖೇಟವನ್ನು ಸೂರೆಗೊಂಡ ಸಮಯದಲ್ಲಿ ಇದನ್ನು ಮುಗಿಸಿದೆನೆಂದು ವಿಕ್ರಮ ಸಂವತ್ಸರದ ಲೆಕ್ಕ ಸಹಿತ ಅದರ ಕೊನೆಯಲ್ಲಿ ಬರೆದಿಟ್ಟನು. ಸೂರೆಮಾಡಿದ ಹೊನ್ನು ಎಲ್ಲಿ ಹೋಯಿತೋ. ಅಣ್ಣನು ತಂಗಿಗೆ ಕೊಟ್ಟ ನಿಘಂಟು ಉಳಿದಿದೆ. ಹಾಗೆಯೇ ನೃಪತುಂಗನ ಅರಮನೆಯೂ ಹೋಯಿತು. ಅವನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ಕವಿರಾಜಮಾರ್ಗವು, ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾಗಿ, ಇಂದಿಗೂ ಪಾಠಶಾಲೆಗಳಲ್ಲಿ ಹೆಸರುಗೊಳ್ಳುತ್ತಿದೆ. ಮಹಾವೀರಾಚಾರ್ಯನ ಗಣಿತಸಾರಸಂಗ್ರಹವೂ ಆ ರಾಜನ ಕಾಲದ್ದೇ. ರಾಜನ ಬಗ್ಗೆಯಾದರೂ ಜನಮನದಲ್ಲಿ ನಿಂತಿರುವುದೇನು? ಪ್ರಜೆಗಳಿಗೊದಗಿದ ವಿಪತ್ತು ನೀಗಲೆಂದು ಅವನು ತನ್ನ ಎಡಗೈಯ ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ್ ತಾಮ್ರಶಾಸನವು ಹೇಳುವ ಸಂಗತಿ. ಗೋಡೆ ಎಷ್ಟು ಎತ್ತರವಿತ್ತೆಂಬುದನ್ನು ಯಾರೂ ನೆನೆಯರು, ಬೆರಳನ್ನು ನೆನೆಯುವರು.

ಇಷ್ಟನ್ನು ಯೋಚಿಸಿದಾಗ ನನ್ನ ಮೊದಲ ಮಾತೇ ಸರಿಯೆಂದು ತೋರಿತು. ಕಲ್ಲು ಹೋಯಿತು, ಅರಿವು ಉಳಿಯಿತು. ಅಂದಮೇಲೆ ಕಲ್ಲಿನ ಚಿಂತೆ ನಮಗೇಕೆ? ಆದರೆ ಅದೇ ಸೀಮೆಯ ಇನ್ನೆರಡು ಕಲ್ಲುಗಳು ನನ್ನನ್ನು ತಡೆದು ನಿಲ್ಲಿಸಿದವು.

ಮೊದಲನೆಯದು ಚಿತ್ತಾಪುರದ ಬಳಿಯ ನಾಗಾವಿಯ ಕಲ್ಲು. ಅರವತ್ತು ಕಂಬದ ಗುಡಿಯೆಂದು ಜನರು ಕರೆಯುವ ದೇವಾಲಯವಿರುವ ಆ ಸ್ಥಳದಲ್ಲಿ ಹನ್ನೊಂದನೆಯ ಶತಮಾನದಲ್ಲಿ ಘಟಿಕಾಸ್ಥಾನವೆಂಬ ದೊಡ್ಡ ವಿದ್ಯಾಪೀಠವಿದ್ದಿತು. ನೂರಾರು ವಿದ್ಯಾರ್ಥಿಗಳಿಗೆ ಅನ್ನ, ವಸತಿ. ವೇದಕ್ಕೂ ಶಾಸ್ತ್ರಕ್ಕೂ ಬೇರೆಬೇರೆ ಉಪಾಧ್ಯಾಯರು. ಪುಸ್ತಕಗಳನ್ನು ಕಾಯಲು ಸರಸ್ವತೀ ಭಂಡಾರಿಗರೆಂಬ ಆರು ಮಂದಿ. ಈ ವ್ಯವಸ್ಥೆಯೆಲ್ಲ ನಮಗೆ ತಿಳಿದುದು 1058ರ ಶಿಲಾಶಾಸನದಿಂದ. ಆ ಭಂಡಾರದ ಓಲೆಗರಿಗಳು ಮಣ್ಣಾದವು. ಅವನ್ನು ಕಾಯ್ದವರೂ ಹೋದರು. ಇಲ್ಲೊಂದು ಜ್ಞಾನದ ದೀಪ ಉರಿಯುತ್ತಿತ್ತೆಂದು ನಮಗೆ ಸಾಕ್ಷಿ ನುಡಿಯಲು ಉಳಿದುದು ಕಲ್ಲು. ಯಾರಾದರೂ ಅದನ್ನು ಬಟ್ಟೆ ಒಗೆಯುವ ಬಂಡೆಯಾಗಿ ಸವೆಯಿಸಿದ್ದರೆ ಚಿತ್ತಾಪುರದ ಮಕ್ಕಳಿಗೆ ತಮ್ಮ ಊರಿನ ಹಿರಿಮೆ ತಿಳಿಯುತ್ತಿರಲಿಲ್ಲ. ಇಲ್ಲಿ ಸ್ಥಾವರವು ಜಂಗಮಕ್ಕೆ ವಾಹನವಾಯಿತು.

ಎರಡನೆಯದು ಭೀಮಾತೀರದ ಸನ್ನತಿಯ ಕಲ್ಲು. 1980ರ ದಶಕದಲ್ಲಿ ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿಯ ಛಾವಣಿ ಕುಸಿಯಿತು. ಕಲ್ಲುಮಣ್ಣನ್ನು ತೆರವು ಮಾಡುವಾಗ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಕ್ಷರಗಳು ಕಂಡವು. ಅದು ಎರಡು ಸಾವಿರ ವರ್ಷಗಳಿಗೂ ಹಿಂದಿನ ಅಶೋಕಚಕ್ರವರ್ತಿಯ ಧರ್ಮಲಿಪಿ! ಯಾವುದೋ ಕಾಲದಲ್ಲಿ ಶಿಲ್ಪಿಯೊಬ್ಬನು ಅದು ಏನೆಂದರಿಯದೆ ವಿಗ್ರಹವನ್ನು ನಿಲ್ಲಿಸಲು ನಡುವೆ ಕುಳಿ ಕಡೆದಿದ್ದನು. ಆ ಜಾಗದ ಅಕ್ಷರಗಳು ನಷ್ಟವಾದವು. ಉಳಿದ ಲಿಪಿಯಲ್ಲಿ, ತನ್ನ ಮತವನ್ನು ಮಾತ್ರ ಹೊಗಳಿ ಅನ್ಯರ ಮತವನ್ನು ಹಳಿಯಬಾರದೆಂದು ಬೋಧಿಸುವ ಹನ್ನೆರಡನೆಯ ಶಾಸನವೂ ಸೇರಿದೆ. ಈ ಶಿಲ್ಪಿಯನ್ನು ಕಳ್ಳನೆನ್ನಲಾದೀತೇ? ಅವನು ಭಕ್ತಿಯಿಂದ ಮಾಡಿದನು. ಪೀಠವಾಗಿ ನೆಲದಡಿ ಮರೆಯಾಗಿದ್ದುದರಿಂದಲೇ ಆ ಕಲ್ಲು ನಮ್ಮ ಕಾಲದವರೆಗೆ ಉಳಿದಿರಲೂಬಹುದು. ಆದರೂ ಕಳೆದುಹೋದ ಅಕ್ಷರಗಳು ಮರಳಿ ಬಾರವು. ಹಳೆಯ ಕಲ್ಲನ್ನು ಬಳಸಿದ ಮಾತ್ರಕ್ಕೆ ಪಾಪವಿಲ್ಲ. ಅದರಲ್ಲಿ ಏನು ಅಡಗಿದೆಯೆಂದು ನೋಡದೆ ಕಡಿಯುವುದರಲ್ಲಿ ಹಾನಿಯುಂಟು. ಸನ್ನತಿಯಿಂದ ನಾನು ಕಲಿತುದು ಇದು.

ಹಾಗಾದರೆ ಸ್ಥಾವರದ ಬಗ್ಗೆ ಶರಣರ ನಿಲುವೇನು? ಇಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರ ಪ್ರಸಂಗವನ್ನು ನೆನೆಯುವುದು ಉಚಿತ. ಅವರು ಒಡ್ಡರನ್ನು ನೆರೆಯಿಸಿ ಕೆರೆ ತೋಡಿಸುತ್ತ, ಗುಡಿ ಕಟ್ಟಿಸುತ್ತ ಇದ್ದಾಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಈ ಕಲ್ಲುಮಣ್ಣಿನ ಕೆಲಸವೇ ಪರಮಪದವೆಂದು ತಿಳಿದೆಯಾ ಎಂದು ಕಟುವಾಗಿಯೇ ಎಚ್ಚರಿಸಿದರೆಂದು ಶೂನ್ಯಸಂಪಾದನೆಯಿಂದ ತಿಳಿಯುತ್ತದೆ. ಸಿದ್ಧರಾಮರು ಕಲ್ಯಾಣಕ್ಕೆ ಬಂದರು, ಅರಿವನ್ನು ಪಡೆದರು, ಮುಂದೆ ಶೂನ್ಯಪೀಠಕ್ಕೂ ಅಧಿಪತಿಗಳಾದರು. ಆದರೆ ನಾವು ಗಮನಿಸದೆ ಬಿಡುವ ಸಂಗತಿ ಒಂದುಂಟು. ಅಲ್ಲಮಪ್ರಭುಗಳು ಕೆರೆಯ ಏರಿಯನ್ನು ಒಡೆಯಿರೆಂದು ಹೇಳಲಿಲ್ಲ. ಅವರು ಒಡೆದುದು ಕಟ್ಟಿದವನ ಅಹಂಕಾರವನ್ನು. ಕೆರೆಯು ಜನರ ಬಾಯಾರಿಕೆಗೆ ಹಾಗೆಯೇ ಉಳಿಯಿತು. ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ಕೆರೆಯನ್ನು ಇಂದಿಗೂ ನೋಡಬಹುದು. ಸ್ಥಾವರವು ಅಳಿಯುವುದೆಂಬ ಮಾತನ್ನು ಕಟ್ಟಿಸಿದ ಸಿರಿವಂತನಿಗೆ ಹೇಳಿದುದು. ನಿನ್ನ ಹೆಮ್ಮೆಯನ್ನು ಕಲ್ಲಿಗೆ ಕಟ್ಟಬೇಡವೆಂದು. ಅದನ್ನು ತೆಗೆದುಕೊಂಡು ಟ್ರ್ಯಾಕ್ಟರ್ ತುಂಬುವವನ ಕೈಗೆ ಪರವಾನಗಿಯಾಗಿ ಕೊಟ್ಟುದೇ ನನ್ನ ತಪ್ಪು. ದೇಹವೂ ಅಳಿಯತಕ್ಕುದೇ, ಹಾಗೆಂದು ನೆರೆಯವನ ದೇಹಕ್ಕೆ ಗಾಯ ಮಾಡಿ, ಹೇಗೂ ಬೀಳುವುದಲ್ಲವೇ ಎನ್ನಬಹುದೇ?

ಇಲ್ಲಿ ಒಂದು ಆಕ್ಷೇಪ ಏಳುವುದು, ಅದು ಹಗುರವಾದುದಲ್ಲ. ಕೋಟೆಯನ್ನು ಕಟ್ಟಿದವರು ಯಾರು? ರಾಜನು ಕಲ್ಲು ಹೊರಲಿಲ್ಲ. ಹೊತ್ತವನು, ಕಡೆದವನು, ಸುಣ್ಣ ಅರೆದವನು ಬಡವನು. ಬಿಟ್ಟಿಯ ದುಡಿಮೆಯೂ ನಮ್ಮ ನಾಡಿನ ಅರಸೊತ್ತಿಗೆಗಳಿಗೆ ಹೊರತಾದುದಲ್ಲ. ಆ ಕೂಲಿಯವನ ಮೊಮ್ಮಗನ ಮೊಮ್ಮಗನು ಇಂದು ತಲೆಯ ಮೇಲೆ ಸೂರಿಲ್ಲದೆ ಕೋಟೆಯ ನಾಲ್ಕು ಕಲ್ಲು ತಂದು ಗೋಡೆ ಎಬ್ಬಿಸಿಕೊಂಡರೆ, ತನ್ನ ಹಿರಿಯರ ಬೆವರನ್ನೇ ಅವನು ಹಿಂದಕ್ಕೆ ಪಡೆದಂತಾಗಲಿಲ್ಲವೇ? ಸತ್ತ ದೊರೆಯ ಗೋಡೆಗಿಂತ ಬದುಕಿರುವವನ ಗುಡಿಸಲು ಹಿರಿದಲ್ಲವೇ?

ಹಿರಿದೇ ಸರಿ. ಬದುಕಿರುವ ಮನುಷ್ಯನಿಗಿಂತ ಸತ್ತ ಕಲ್ಲು ದೊಡ್ಡದೆಂದು ಯಾವ ಶರಣನೂ ಹೇಳಲಾರನು. ಹಸಿದವನೂ ನೆಲೆಯಿಲ್ಲದವನೂ ಕೈಚಾಚಿದಾಗ ಅವನನ್ನು ದೂರುವುದಕ್ಕೆ ಮುಂಚೆ, ಅವನಿಗೆ ಒಂದು ಬಂಡಿ ಕಲ್ಲನ್ನು ಕೊಡಲಾರದೆ ಹೋದ ಊರ ಉಳ್ಳವರು ತಮ್ಮನ್ನು ದೂರಿಕೊಳ್ಳತಕ್ಕುದು. ನೆಲದಲ್ಲಿ ಫರಸಿಗೆ ಕೊರತೆಯಿಲ್ಲದ ಸೇಡಂ, ಶಹಾಬಾದ್‌ಗಳ ಸೀಮೆಯಲ್ಲಿ ಬಡವನೊಬ್ಬನು ಕೋಟೆಯ ಕಲ್ಲನ್ನೇ ಕೀಳಬೇಕಾಗಿ ಬಂದರೆ, ಆ ನಾಚಿಕೆ ಅವನದಲ್ಲ, ನಮ್ಮದು. ಆದರೆ ಅದೇ ತರ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ನಡೆಯಿಸಿ ನೋಡಿರಿ. ಕೋಟೆಯು ಸಾವಿರ ಕೂಲಿಕಾರರ ಬೆವರಿನದು ಎಂದಾದರೆ, ಅದು ಒಬ್ಬ ಮೊಮ್ಮಗನದು ಹೇಗಾದೀತು? ಅದು ಎಲ್ಲರದು. ಎಲ್ಲರದಾದುದನ್ನು ಒಬ್ಬನು ಹೊತ್ತು ಮಾರಿದರೆ ಆ ಹಿರಿಯರು ಇನ್ನೊಮ್ಮೆ ಬಿಟ್ಟಿ ದುಡಿದಂತೆಯೇ ಆಯಿತು; ಅಂದು ಅರಸನಿಗೆ, ಇಂದು ಮಾರುವವನಿಗೆ.

ಈ ಅಂತರವನ್ನು ಅಳೆಯುವ ಕೋಲನ್ನು ನಮಗೆ ಕೊಟ್ಟವಳು ಆಯ್ದಕ್ಕಿ ಲಕ್ಕಮ್ಮ. ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವನು. ಅದರಿಂದ ಜಂಗಮದಾಸೋಹ ನಡೆಯುವುದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಅದು ಕದ್ದುದಲ್ಲ, ನೆಲದ ಮೇಲೆ ಚೆಲ್ಲಿದ್ದುದೇ. ಬಿದ್ದುದನ್ನು ಆಯ್ದರೆ ತಪ್ಪೇನೆಂದು ಅವನೂ ಕೇಳಬಹುದಾಗಿತ್ತು. ಆದರೆ ಆ ಮಹಾತಾಯಿಯು ಅಂದಿನ ಅಗತ್ಯಕ್ಕೆ ಮಿಕ್ಕಿದುದನ್ನು ಒಪ್ಪದೆ, ಹಿಂದಿರುಗಿ ಹೋಗಿ ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಕಳುಹಿದಳು. ಬಿದ್ದಿರುವ ವಸ್ತುವಿಗೆ ಒಡೆಯನಿಲ್ಲವೆಂದು ಲೋಕ ತಿಳಿಯುವುದು. ಬಿದ್ದಿರುವುದಕ್ಕೆ ಎಲ್ಲರೂ ಒಡೆಯರೆಂದು ಲಕ್ಕಮ್ಮ ತಿಳಿದಳು. ಹುಡೇವಿನ ಕಲ್ಲಿಗೂ ಇದೇ ನ್ಯಾಯ. ಅಗತ್ಯದ ಕೈಗೂ ಆಸೆಯ ಕೈಗೂ ಕಲ್ಲು ಒಂದೇ ತೂಕ. ತರುವವನ ಮನಸ್ಸಿನಲ್ಲಿ ಮಾತ್ರ ತೂಕ ಬೇರೆ.

ಆದುದರಿಂದ ಅಳಿಯತಕ್ಕುದನ್ನು ಕಾಯುವುದು ಮೋಹವೇ ಎಂಬ ಪ್ರಶ್ನೆಗೆ ನನಗೆ ತೋರಿದ ಉತ್ತರವನ್ನು ಹೇಳುವೆನು. ನನ್ನದೆಂದು ಕಾಯ್ದರೆ ಮೋಹ. ಮುಂದಿನವರದೆಂದು ಕಾಯ್ದರೆ ದಾಸೋಹ. ಮಳಖೇಡದ ಕೋಟೆಯನ್ನು ರಾಷ್ಟ್ರಕೂಟರ ವೈಭವಕ್ಕಾಗಿ ಕಾಯಬೇಕಾಗಿಲ್ಲ. ಅವರ ವಂಶವೇ ಇಲ್ಲ. ಅಲ್ಲಿ ಜೈನರ ನೇಮಿನಾಥ ಬಸದಿಯಿದೆ. ಟೀಕಾಚಾರ್ಯರೆಂದು ಹೆಸರಾದ ಜಯತೀರ್ಥರ ಸನ್ನಿಧಿಗೆ ಮಾಧ್ವಭಕ್ತರು ಬರುವರು. ದರ್ಗಾಕ್ಕೆ ನಡೆದುಕೊಳ್ಳುವವರೂ ಉಂಟು. ಒಬ್ಬ ಅರಸನು ಹಗೆಗಳನ್ನು ಹೊರಗಿಡಲು ಕಟ್ಟಿದ ಊರಿನಲ್ಲಿ ಇಂದು ಯಾರನ್ನೂ ಹೊರಗಿಡಲಾಗದು. ಇತ್ತೀಚಿನ ವರ್ಷಗಳಲ್ಲಿ ಪುರಾತತ್ತ್ವ ಇಲಾಖೆಯು ಕೋಟೆಯ ಜೀರ್ಣೋದ್ಧಾರಕ್ಕೆ ಕೈಹಾಕಿದುದು ಸಂತೋಷದ ಸಂಗತಿ. ಆದರೆ ಇಲಾಖೆಯ ಕಣ್ಣು ತಲಪದ ಹುಡೇವುಗಳು, ಅಗಸೆಗಳು, ಹಳೆಯ ಬಾವಿಗಳು ಚಿಂಚೋಳಿಯಿಂದ ಶಹಾಬಾದಿನವರೆಗೆ ನಮ್ಮ ಹಳ್ಳಿಹಳ್ಳಿಗಳಲ್ಲಿವೆ. ಅವುಗಳಿಗೆ ಕಾವಲಿನವನು ಗೃಹಸ್ಥನೇ. ಮಳೆಗಾಲಕ್ಕೆ ಮುಂಚೆ ಗೋಡೆಯ ನೆತ್ತಿಯ ಮೇಲೆ ಬೇರೂರಿದ ಅರಳಿಯ ಸಸಿಯನ್ನು ಕಿತ್ತು, ಕಳಚಿದ ನಾಲ್ಕು ಕಲ್ಲನ್ನು ಮರಳಿ ಕೂಡಿಸಿದರೆ ಅದಕ್ಕಿಂತ ದೊಡ್ಡ ಜೀರ್ಣೋದ್ಧಾರ ಬೇಕಿಲ್ಲ.

ಮುಂದಿನ ಶ್ರಾವಣದಲ್ಲಿ ಅದೇ ಹಳ್ಳಿಯವರು ಮತ್ತೆ ಕರೆದರು. ಮೊದಲ ದಿನವೇ ಸಭೆಯ ಮುಂದೆ ನಿಂತು, ಹೋದ ಸಲ ನಾನು ಆಡಿದ ಮಾತು ಅರ್ಧಸತ್ಯವೆಂದೂ, ಅದರಿಂದ ಊರಿನ ಹುಡೇವಿಗೆ ಒದಗಿದ ಕೇಡಿನಲ್ಲಿ ನನ್ನ ಪಾಲುಂಟೆಂದೂ ಒಪ್ಪಿಕೊಂಡು ಕ್ಷಮೆ ಬೇಡಿದೆನು. ಆ ಹಿರಿಯರು ಎದ್ದು, 'ಹಂಗಾದ್ರ ನಮ್ಮ ಕಟ್ಟೀ ಕಿತ್ತಿ ಕಲ್ಲು ತಿರುಗಿ ಒಯ್ದು ಇಡಬೇಕೇನ್ರಿ, ಶಾಸ್ತ್ರಿಗಳೇ?' ಎಂದರು. ಸಭೆ ನಗಲಿಲ್ಲ, ಅವರು ನಿಜವಾಗಿಯೂ ಕೇಳುತ್ತಿದ್ದರು. 'ಬೇಡ ಯಜಮಾನರೇ' ಎಂದೆನು. 'ಮೂರು ತಲೆಮಾರು ಕೂತ ಕಟ್ಟೆಯನ್ನು ಕಿತ್ತರೆ ಹುಡೇವು ಏಳುವುದಿಲ್ಲ. ಆ ಕಲ್ಲು ಊರೆಲ್ಲರದು. ಅದರ ಮೇಲೆ ಊರೆಲ್ಲರೂ ಕೂಡುವಂತಾಗಲಿ. ದಾರಿಯಲ್ಲಿ ಹೋಗುವ ಯಾವ ಜಾತಿಯವನೇ ಆಗಲಿ, ದಣಿದವನಿಗೆ ಆ ಕಟ್ಟೆಯ ಮೇಲೆ ಜಾಗವೂ ಒಂದು ತಂಬಿಗೆ ನೀರೂ ದೊರೆಯಲಿ. ಆಗ ಕಲ್ಲು ತನ್ನ ಒಡೆಯರನ್ನು ಸೇರಿದಂತಾಯಿತು.' ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಎಲ್ಲಾರಿಗೂ ಅಂದ್ರ ಎಲ್ಲಾರಿಗೂ ಏನ್ರಿ?' ಎಂದು ಮತ್ತೊಮ್ಮೆ ಕೇಳಿದರು. ಎಲ್ಲರಿಗೂ ಎಂದೆನು. ಕಲ್ಲು ಹಿಂದಿರುಗಿಸುವುದಕ್ಕಿಂತ ಇದು ಕಠಿಣವಾದ ವ್ರತವೆಂಬುದು ಅವರಿಗೂ ತಿಳಿಯಿತು, ನನಗೂ ತಿಳಿಯಿತು.

ಆ ಊರಿನ ಹುಡೇವಿನ ಉಳಿದ ಭಾಗ ಇನ್ನೂ ನಿಂತಿದೆ. ಅದೂ ಒಂದು ದಿನ ಬೀಳುವುದು. ಅದು ಶಿವನ ನೇಮ. ಅದಕ್ಕೆ ಮುಂಚೆ ನಮ್ಮ ಕೈಯಿಂದ ಬೀಳದಿರಲಿ. ಆ ಹಿರಿಯರ ಮನೆಯ ಕಟ್ಟೆಯ ಮೇಲೆ ಹೋದ ವರ್ಷ ನಾನೂ ಕುಳಿತು ನೀರು ಕುಡಿದು ಬಂದೆನು. ನನ್ನ ಪಕ್ಕದಲ್ಲಿ ಇನ್ನೊಬ್ಬ ದಾರಿಹೋಕನೂ ಕುಳಿತಿದ್ದನು. ಅವನು ಯಾರವನೆಂದು ಅಲ್ಲಿ ಯಾರೂ ಕೇಳಲಿಲ್ಲ.